ಸ್ಟಾಂಪಿನ ಮೇಲಿನ ಕೋದಂಡಪ್ಪ

ಎರ್ರಗುಟ್ಟಹಳ್ಳಿಯ ಕೋದಂಡಪ್ಪ ಬೆಳಗಿನ ಹಾಲನ್ನು ಡೇರಿಗೆ ಹಾಕಿ ಬಂದು, ಹಸುಗಳ ಮೈ ತೊಳೆಯಲು ಪೈಪು ಹಿಡಿದಿದ್ದ ಹೊತ್ತಿನಲ್ಲಿ, ಅವನ ಸಾವಿಗೆ ಅಳುತ್ತಾ ಅವನ ಭಾಮೈದ ಬಂದ.

ಭಾಮೈದ ಮುನಿಶಾಮಪ್ಪ ಬೇತಮಂಗಲದವನು. ಬಸ್ಸಿಳಿದಾಗಲೇ ಅಳು ಶುರು ಮಾಡಿದ್ದನೆಂದು ಕಾಣುತ್ತದೆ, ಬೀದಿಯ ಹೆಂಗಸರು ನಾಲ್ಕೈದು ಮಂದಿ ಅವನ ಹಿಂದೆಯೇ ಬಂದಿದ್ದರು. ತೋಳಿನ ಗಾತ್ರದ ಚೆಂಡುಹೂವಿನ ಹಾರ ಅವನ ಹೆಗಲ ಮೇಲಿತ್ತು. "ಅಯ್ಯೋ ನಮ್ ಬಾವಾ, ಚಿನ್ನದಂಥ ಬಾವಾ, ಒಂದ್ಮಾತು ಏಳ್ದೆ ಒಂಟೋದ್ಯಲ್ಲಪ್ಪೋ" ಎಂದು ಗೇಟು ತಳ್ಳಿಕೊಂಡು ಒಳಗೆ ಬಂದವನು, ಎದುರಿಗೆ ಪೈಪು ಹಿಡಿದು ನಿಂತ ಬಾವನನ್ನು ನೋಡಿದ. ಅಳು ಬಂದ ರಭಸಕ್ಕೆ ತಕ್ಷಣ ನಿಲ್ಲಿಸಲಾಗದೆ ಇನ್ನೂ ಸ್ವಲ್ಪ ಅತ್ತ.

"ಏನ್ಲಾ ಮುನಿಶಾಮಿ, ಯಾರ್ಲಾ ಓದ್ರು?" ಎಂದು ಕೋದಂಡಪ್ಪ ಗಾಬರಿಯಿಂದ ಕೇಳಿದ.

"ನೀನೇ ಬಾವ!"

"ನಾನಾ? ಯಾವಾಗ?"

ಮುನಿಶಾಮಪ್ಪ ಜೇಬಿನಿಂದ ಒಂದು ಲಕೋಟೆ ತೆಗೆದು ತೋರಿಸಿದ. ಅದರ ಮೂಲೆಯ ಸ್ಟಾಂಪಿನಲ್ಲಿ ಹೆಗಲಿಗೆ ಟವಲು ಹಾಕಿಕೊಂಡು ಕಣ್ಣು ಮಿಟುಕಿಸದೆ ನೋಡುತ್ತಿದ್ದವನು ಕೋದಂಡಪ್ಪನೇ. ಅವನ ಹಣೆಯ ಮೇಲೆ ಕಪ್ಪು ಮುದ್ರೆ ಬಿದ್ದಿತ್ತು.

"ಗವರ್ಮೆಂಟ್ನೋರು ಸತ್ತೋರ್ನ ಬಿಟ್ಟು ಇನ್ಯಾರ್ನ ಸ್ಟಾಂಪ್ ಮೇಲೆ ಆಕ್ತಾರೆ ಬಾವ? ನೋಡ್ತಿದ್ದಂಗೆ ನಂಗೆ ಕೈಕಾಲೇ ಆಡ್ಲಿಲ್ಲ."

"ಒಳಗೇನು ಬರ್ದೈತೆ ಅಂತ ಓದ್ಲಿಲ್ವಾ?"

"ಓದೋ ಸ್ಥಿತೀಲಿ ಇದ್ನಾ ನಾನು?"

ಒಳಗಿದ್ದದ್ದು ಮೊಮ್ಮಗಳ ನಾಮಕರಣದ ಆಮಂತ್ರಣ. ಅಷ್ಟರಲ್ಲಿ ಕೋದಂಡಪ್ಪನ ಹೆಂಡತಿ ಕದಿರಮ್ಮ ಹೊರಗೆ ಬಂದಳು. ಗಂಡ ಸತ್ತ ಸುದ್ದಿ ತಮ್ಮನ ಬಾಯಲ್ಲಿ ಕೇಳಿ, ಗಂಡನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ ಖಾತ್ರಿ ಮಾಡಿಕೊಂಡು, ತಮ್ಮನಿಗೆ ಚೆನ್ನಾಗಿ ಉಗಿದಳು. ಹೂವು ದಂಡವಾಗಬಾರದೆಂದು ಹಾರವನ್ನು ಕೆಂದ ಹಸುವಿನ ಕೊರಳಿಗೆ ಹಾಕಿದಳು. ಪಕ್ಕದ ಹಸು ಅದನ್ನು ತಿಂದುಹಾಕಿತು.

ಸ್ಟಾಂಪು ಮಾಡಿಸಿದ್ದು ಸೊಸೆ ರೂಪ. ಬಂಗಾರಪೇಟೆಯಲ್ಲಿ ಅಂಚೆಯವರ ಮೇಳ ನಡೆದಾಗ, ಯಾರ ಫೋಟೋ ಕೊಟ್ಟರೂ ಅದನ್ನು ಸ್ಟಾಂಪಿನಲ್ಲಿ ಅಚ್ಚು ಹಾಕಿಕೊಡುತ್ತಾರೆಂದು ಅವಳಿಗೆ ಗೊತ್ತಾಯಿತು. ಮಾವನಿಗೆ ಅರವತ್ತು ತುಂಬಿತ್ತು. ಅದಕ್ಕಿಂತ ಹೆಚ್ಚಾಗಿ, ಹಾಲಿನ ಸೊಸೈಟಿಯ ಚುನಾವಣೆಯಲ್ಲಿ ಸೋತು ಡೈರೆಕ್ಟರ್ ಪದವಿ ಹೋದ ಮೇಲೆ ಆ ಮನುಷ್ಯ ಉಪ್ಪು ಹಾಕದ ಮುದ್ದೆಯ ಹಾಗೆ ಆಗಿಬಿಟ್ಟಿದ್ದ. ಸೊಸೈಟಿ ಕಾರ್ಡಿನ ಫೋಟೋವನ್ನೇ ಕೊಟ್ಟು ರೂಪ ಹಾಳೆಗಟ್ಟಲೆ ಸ್ಟಾಂಪು ಮಾಡಿಸಿ ತಂದಳು. ಕೋದಂಡಪ್ಪ ಆ ಹಾಳೆಯನ್ನು ಬೆಳಕಿಗೆ ಹಿಡಿದು, ಸಾಲಾಗಿ ನಿಂತ ತನ್ನನ್ನು ತಾನೇ ಎಷ್ಟೋ ಹೊತ್ತು ನೋಡಿದ. ಸೊಸೈಟಿಯವರು ಒಬ್ಬ ಕೋದಂಡಪ್ಪನನ್ನು ಇಳಿಸಿದರೆ ಭಾರತ ಸರ್ಕಾರ ಇಷ್ಟೊಂದು ಕೋದಂಡಪ್ಪರನ್ನು ಏರಿಸಿತಲ್ಲ ಎಂದು ಅವನ ಕಣ್ಣಲ್ಲಿ ನೀರು ಬಂತು.

ಆ ಸಂತೋಷದಲ್ಲೇ ಅವನು ಒಂದು ತಪ್ಪು ಮಾಡಿದ. ನಾಮಕರಣಕ್ಕೆ ಯಾರಿಗೂ ಫೋನು ಮಾಡಬೇಡಿ, ಎಲ್ಲರಿಗೂ ಸ್ಟಾಂಪು ಅಂಟಿಸಿ ಕಾಗದವೇ ಹೋಗಲಿ ಎಂದ. ಕಾಗದಗಳು ಊರಿನ ಪೋಸ್ಟಾಫೀಸಿಗೆ ಹೋದವು. ನಾಮಕರಣದ ದಿನ ನೆಂಟರು ಬರಲಿಲ್ಲ. ಮಾಡಿದ ಅಡುಗೆಯನ್ನು ಓಣಿಗೆಲ್ಲ ಕರೆದು ಕರೆದು ಬಡಿಸಿದರೂ ಸಾರು ಉಳಿಯಿತು. ನೆಂಟರ ಮೇಲೆ ಮನೆಯವರೆಲ್ಲ ಸಿಟ್ಟಾಗಿದ್ದರು. ಅದಾಗಿ ವಾರ ಕಳೆದ ಮೇಲೆ ಈ ಮುನಿಶಾಮಪ್ಪ ಹಾರ ಹಿಡಿದುಕೊಂಡು ಬಂದದ್ದು.

ತಿಂಡಿ ತಿಂದು, ಕಾಫಿ ಕುಡಿದು, ಹೊರಡುವಾಗ ಮುನಿಶಾಮಪ್ಪ ಒಂದು ಮಾತು ಹೇಳಿಹೋದ. "ಬಾವ, ಬೇರೆಯೋರ ಮಕ ಇದ್ದಿದ್ರೆ ನಾನೇನೂ ಅಂತಿರ್ಲಿಲ್ಲ. ನಿನ್ ಮಕ ಇಟ್ಕೊಂಡು ಒಂಟ ಕಾಗ್ದ, ಕಾರ್ಯ ಮುಗಿದ್ಮೇಲೆ ಬಂತು ಅಂದ್ರೆ ಮಾನ ಯಾರ್ದು ಓಗೋದು?"

ಆ ಮಾತು ಕೋದಂಡಪ್ಪನಿಗೆ ಹಿಮ್ಮಡಿಗೆ ಹೊಕ್ಕ ಜಾಲಿಮುಳ್ಳಿನ ಹಾಗೆ ನಾಟಿತು.

ಮುನಿಶಾಮಪ್ಪ ಬಸ್ಸಿನಲ್ಲಿ ಸುಮ್ಮನೆ ಕೂರುವ ಆಸಾಮಿಯಲ್ಲ. ತನ್ನ ಬಾವನನ್ನು ಅಂಚೆಯವರು ಸ್ಟಾಂಪಿನ ಮೇಲೆ ಹಾಕಿದ್ದಾರೆ, ಆದರೂ ಬದುಕಿದ್ದಾನೆ ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಹೋದ. ಕ್ಯಾಸಂಬಳ್ಳಿಯಲ್ಲಿ ಇಳಿದವರು ಅದನ್ನು ಮುಂದಕ್ಕೆ ಒಯ್ದರು. ಬದುಕಿದ್ದೂ ಸ್ಟಾಂಪಿನ ಮೇಲೆ ಬಂದಿದ್ದಾನೆ ಎಂದರೆ ಅಂಚೆ ಇಲಾಖೆಯಲ್ಲಿ ಅವನೇ ಏನೋ ದೊಡ್ಡ ಮನುಷ್ಯನಿರಬೇಕು ಎಂದು ಜನ ತೀರ್ಮಾನಿಸಿದರು.

ಮಾರನೆಯ ದಿನ ಬೆಳಿಗ್ಗೆ ಮೊದಲು ಬಂದವಳು ಅದೇ ಊರಿನ ಮುನಿನಾರಾಯಣಮ್ಮ. ಅವಳ ಬ್ಯಾಂಕ್ ಕಾರ್ಡು ಬರುತ್ತದೆಂದು ಮೊಬೈಲಿಗೆ ಮೆಸೇಜು ಬಂದಿತ್ತು, ಕಾರ್ಡು ಬಂದಿರಲಿಲ್ಲ.

"ನಂಗೇನು ಗೊತ್ತಕ್ಕ? ಪೋಸ್ಟಾಫೀಸ್ಗೆ ಓಗಿ ಕೇಳು" ಎಂದ ಕೋದಂಡಪ್ಪ.

"ಅಲ್ಲಿ ಓದ್ರೆ ಸರ್ವರ್ ಇಲ್ಲ ಅಂತಾರೆ. ಆ ಸರ್ವರ್ ಅನ್ನೋನು ಯಾವಾಗ ಓದ್ರೂ ಇರಲ್ಲ. ನೀನಾದ್ರೆ ಮನೇಲಿ ಇರ್ತೀಯ."

ಎರಡನೆಯವನು ಊರಿಗಾಂನ ಸೆಲ್ವರಾಜ್. ಅವನ ಅಕ್ಕನ ಮನೆ ಇದೇ ಊರಲ್ಲಿತ್ತು. ಅಕ್ಕನಿಗೆ ಅವನು ಕಳಿಸಿದ ಪಾರ್ಸಲಿನಲ್ಲಿ ಗೋಡೆ ಗಡಿಯಾರವಿತ್ತು. ತಲುಪಿದಾಗ ಗಡಿಯಾರದ ಮುಳ್ಳುಗಳು ಮಾತ್ರ ಸರಿಯಾಗಿದ್ದವು. ಸೆಲ್ವರಾಜ್ ಆ ಮುಳ್ಳುಗಳನ್ನು ಕೈಯಲ್ಲಿ ಹಿಡಿದು ಗೇಟಿನ ಹತ್ತಿರ ನಿಂತು, "ಸಾರ್, ಸ್ಟಾಂಪು ನೀಂಗ ದಾನೇ?" ಎಂದು, ಸ್ಟಾಂಪು ನೀವೇ ತಾನೇ ಎಂಬುದನ್ನು ತನ್ನ ತಮಿಳಿನಲ್ಲಿ ಕೇಳಿದ.

ಕೋದಂಡಪ್ಪ ಅಲ್ಲ ಎನ್ನಬಹುದಿತ್ತು. ಆದರೆ ಗೇಟಿನ ಹತ್ತಿರ ಅಷ್ಟು ಹೊತ್ತಿಗೆ ಆರೇಳು ಜನ ನಿಂತಿದ್ದರು. ಸೊಸೈಟಿಯಲ್ಲಿ ಸೋತ ಮೇಲೆ ಅವನ ಮನೆಯ ಗೇಟಿನ ಹತ್ತಿರ ಯಾರೂ ಹಾಗೆ ಕಾದು ನಿಂತಿರಲಿಲ್ಲ. ಅವನ ನಾಲಿಗೆ ಅವನನ್ನು ಕೇಳದೆಯೇ "ಊಂ, ನಾನೇ. ಏನಾಗ್ಬೇಕಿತ್ತು?" ಎಂದುಬಿಟ್ಟಿತು.

ಮೈ ಒರೆಸಿಕೊಂಡು, ಇಸ್ತ್ರಿ ಮಾಡಿದ ಪಂಚೆಯುಟ್ಟು, ಫೋಟೋದಲ್ಲಿದ್ದ ಅದೇ ಟವಲನ್ನು ಹೆಗಲಿಗೆ ಹಾಕಿಕೊಂಡು ಅವನು ಪೋಸ್ಟಾಫೀಸಿಗೆ ಹೋದ. ರೇಷನ್ ಅಂಗಡಿಯ ಪಕ್ಕದ ಒಂದೇ ಕೋಣೆ ಅದು. ಪೋಸ್ಟ್ ಮಾಸ್ತರ್ ಶಶಿರೇಖ ಚಿಕ್ಕ ಮೆಷಿನ್ನನ್ನು ಕಿಟಕಿಯಾಚೆ ಚಾಚಿ ನೆಟ್‌ವರ್ಕ್ ಹುಡುಕುತ್ತಿದ್ದಳು. ಅಂಚೆ ಹಂಚುವ ಮುನಿನಾರಾಯಣಪ್ಪ ನೆಲದ ಮೇಲೆ ಕೂತು ಕಾಗದಗಳಿಗೆ ಮುದ್ರೆ ಹೊಡೆಯುತ್ತಿದ್ದ. ವಯಸ್ಸಾದ ಸಾಧು ಮನುಷ್ಯ, ಆದರೆ ಮುದ್ರೆ ಹೊಡೆಯುವಾಗ ಮಾತ್ರ ತೆಂಗಿನಕಾಯಿ ಒಡೆಯುವವನ ಹಾಗೆ ಹೊಡೆಯುತ್ತಿದ್ದ. ಧಡ್ ಎಂದು ಕೋದಂಡಪ್ಪನ ಕಣ್ಣೆದುರೇ, ನಾಮಕರಣದ ಕಾಗದವೊಂದರಲ್ಲಿ, ಅವನ ಮೂಗಿನ ಮೇಲೆ ಒಂದು ಏಟು ಬಿತ್ತು.

"ಏಯ್, ಏಯ್! ಮಕ ಅದು!" ಎಂದು ಕೋದಂಡಪ್ಪ ತನ್ನ ಮೂಗು ಹಿಡಿದುಕೊಂಡ.

"ಮುದ್ರೆ ಒಡೀದೆ ಇದ್ರೆ ಸ್ಟಾಂಪು ಕಿತ್ತು ಮತ್ತೆ ಅಂಟಿಸ್ತಾರಣ್ಣ. ರೂಲ್ಸು."

"ಅಂಗಾದ್ರೆ ಟವಲ್ ಮೇಲೆ ಒಡಿ. ಕಣ್ಣು ಮೂಗು ಬಿಟ್ಟು ಒಡಿಯಪ್ಪ."

ನಾಮಕರಣದ ಮಿಕ್ಕ ಕಾಗದಗಳು ಎಲ್ಲಿ ಎಂದು ಕೇಳಿದಾಗ, ತೂಕದ ಮೆಷಿನ್ನಿನ ಹಿಂದಿನಿಂದ ಶಶಿರೇಖ ಒಂದು ಕಟ್ಟು ತೆಗೆದಳು. ಮಳೆ ನೀರು ಸೂರಿನಿಂದ ಇಳಿದು ಸ್ಟಾಂಪುಗಳು ಅಂಟು ಬಿಟ್ಟಿದ್ದವು. ಸ್ಟಾಂಪಿಲ್ಲದ ಕಾಗದ ಕಳಿಸುವ ಹಾಗಿಲ್ಲ. ಬಿದ್ದ ಸ್ಟಾಂಪುಗಳನ್ನು ಹುಡುಕಿ ಅಂಟಿಸೋಣವೆಂದರೆ ಅಂಟಿನ ಬಾಟಲಿ ಒಣಗಿತ್ತು. ಎಲ್ಲರೂ ಸೇರಿ ಮೇಜಿನ ಕೆಳಗೆ, ಚೀಲದ ಅಡಿಯಲ್ಲಿ ಕೋದಂಡಪ್ಪರನ್ನು ಹುಡುಕಿದರು. ಒಬ್ಬ ಕೋದಂಡಪ್ಪ ಮುನಿನಾರಾಯಣಪ್ಪನ ಚಪ್ಪಲಿಯ ಅಟ್ಟೆಗೆ ಅಂಟಿಕೊಂಡು, ಊರೆಲ್ಲ ತಿರುಗಿ, ಸಗಣಿ ತುಳಿದು ಬಂದಿದ್ದ.

ಕೋದಂಡಪ್ಪ ಅವನನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ, ಟವಲಿನಲ್ಲಿ ಒರೆಸಿದ.

ಮಾರನೆಯ ದಿನದಿಂದ ಅವನು ಪೋಸ್ಟಾಫೀಸಿನ ಬೆಂಚಿನ ಮೇಲೆ ಕೂರತೊಡಗಿದ. ಸ್ಟೀಲ್ ಡಬ್ಬಿಯಲ್ಲಿ ಮೈದಾಹಿಟ್ಟಿನ ಅಂಟು ಕಾಯಿಸಿಕೊಂಡು ತಂದ. ಏಣಿ ಹಾಕಿ ಸೂರಿನ ಮೇಲೆ ಹತ್ತಿ, ಒಡೆದ ಹೆಂಚು ತೆಗೆದು ಹೊಸದು ಕೂರಿಸಿದ. ಅಂಚೆ ಚೀಲ ಬಸ್ಸಿನಲ್ಲಿ ಬರುವ ಹೊತ್ತಿಗೆ ಸ್ಟಾಪಿನಲ್ಲಿ ನಿಂತು, ಚೀಲವನ್ನು ಬಾಣಂತಿಯ ಮಗುವಿನ ಹಾಗೆ ಎರಡೂ ಕೈಯಲ್ಲಿ ಇಳಿಸಿಕೊಂಡ. ಮುನಿನಾರಾಯಣಪ್ಪನ ಸೈಕಲ್ಲಿನ ಚೈನು ದಿನಾ ಕಳಚುತ್ತಿತ್ತು, ಅವನನ್ನು ತನ್ನ ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಹಳ್ಳಿಹಳ್ಳಿ ಸುತ್ತಿದ. ಮುನಿನಾರಾಯಣಮ್ಮನ ಕಾರ್ಡು ಅದೇ ಹೆಸರಿನ ಇನ್ನೊಬ್ಬಳ ಮನೆಯ ದೇವರ ಗೂಡಿನಲ್ಲಿ ಕುಂಕುಮ ಹಚ್ಚಿಸಿಕೊಂಡು ಕೂತಿರುವುದನ್ನು ಕಂಡುಹಿಡಿದ. ಗಡಿಯಾರವನ್ನು ಮಾತ್ರ ಏನೂ ಮಾಡಲಾಗಲಿಲ್ಲ. ಸೆಲ್ವರಾಜ್ ವಾರಕ್ಕೊಮ್ಮೆ ಬಂದು ಬೈದುಹೋಗುತ್ತಿದ್ದ. ಕೋದಂಡಪ್ಪ ಎದ್ದು ನಿಂತು ಬೈಸಿಕೊಳ್ಳುತ್ತಿದ್ದ. ಬೈದು ಮುಗಿದ ಮೇಲೆ ಸೆಲ್ವರಾಜ್‌ಗೂ ಹಗುರಾಗಿ, ಇಬ್ಬರೂ ಕೂಡಿ ಟೀ ಕುಡಿಯುತ್ತಿದ್ದರು.

ಶಶಿರೇಖಳಿಗೆ ಮೊದಮೊದಲು ಕಿರಿಕಿರಿಯಾಯಿತು. "ಕೋದಂಡಪ್ಪಣ್ಣ, ನೀವು ಡಿಪಾರ್ಟ್‌ಮೆಂಟ್ನೋರಲ್ಲ. ಫೋಟೋ ಕೊಟ್ರೆ ಯಾರ್ದು ಬೇಕಾದ್ರೂ ಸ್ಟಾಂಪ್ ಮಾಡ್ತಾರೆ" ಎಂದು ತಿಳಿಹೇಳಿದಳು.

"ಅದು ನಿಮ್ಗೆ ಗೊತ್ತು, ನಂಗೆ ಗೊತ್ತು ಮೇಡಂ. ಕಾಗ್ದ ತಕ್ಕೊಂಡೋರ್ಗೆ ಗೊತ್ತಾ? ಅವ್ರು ನೋಡೋದು ನನ್ ಮಕ."

ಶಶಿರೇಖಳಿಗೂ ಇದರಿಂದ ಒಂದು ಅನುಕೂಲವಿತ್ತು. ಮೊದಲು ಅವಳಿಗೆ ಬೀಳುತ್ತಿದ್ದ ಬೈಗುಳವೆಲ್ಲ ಈಗ ಬೆಂಚಿನ ಕಡೆ ತಿರುಗಿತ್ತು, ಅವಳು ನೆಮ್ಮದಿಯಾಗಿ ಕೆಲಸ ಮಾಡಬಹುದಿತ್ತು.

ಆದರೆ ಹೊಸ ತೊಂದರೆಯೊಂದು ಹುಟ್ಟಿತು. ಊರಿನವರು ಬೇರೆ ಸ್ಟಾಂಪು ಬೇಡವೆನ್ನತೊಡಗಿದರು. ನವಿಲಿನ ಸ್ಟಾಂಪು ಕೊಟ್ಟರೆ ಮುನಿನಾರಾಯಣಮ್ಮ ಅದನ್ನು ಕಿಟಕಿಯೊಳಗೆ ವಾಪಸು ತಳ್ಳಿದಳು.

"ನಾಳೆ ಕಾಗ್ದ ಓಗ್ಲಿಲ್ಲ ಅಂದ್ರೆ ನಾನು ಈ ನವಿಲ್ನ ಎಲ್ಲಿ ಅಂತ ಉಡುಕ್ಲಿ ಬೈಯಕ್ಕೆ? ಕೋದಂಡಪ್ಪನ್ದೇ ಕೊಡಮ್ಮ."

ಕೇಳಿದವರಿಗೆಲ್ಲ ಕೊಟ್ಟು ಕೋದಂಡಪ್ಪನ ಹಾಳೆಗಳು ಕರಗುತ್ತಾ ಬಂದವು. ರೂಪ ಇನ್ನಷ್ಟು ಮಾಡಿಸಿಕೊಟ್ಟಳು, ಅವೂ ಮುಗಿಯುವ ಹಂತಕ್ಕೆ ಬಂದವು. ಪರೀಕ್ಷೆಗೆ ಅರ್ಜಿ ಹಾಕುವವರು, ವಕೀಲರಿಗೆ ನೋಟೀಸಿನ ಉತ್ತರ ಕಳಿಸುವವರು, ದೂರದ ತಂಗಿ ಕಳಿಸಿದ ರಾಖಿ ಬಂದಿಲ್ಲವೆಂದು ಜಗಳ ಕಾಯುವವರು, ಎಲ್ಲರೂ ಮನೆಯ ಮುಂದೆ ಸಾಲು ನಿಂತರು. ಕೋದಂಡಪ್ಪ ಊಟದ ತಟ್ಟೆಯ ಮುಂದೆ ಕೂತರೂ ಕಿವಿ ಗೇಟಿನ ಕಡೆಗಿರುತ್ತಿತ್ತು. ಹಾಲು ಕರೆಯುವುದು, ಹುಲ್ಲು ಕೊಯ್ಯುವುದು, ಸಗಣಿ ಬಾಚುವುದು ಎಲ್ಲವೂ ಕದಿರಮ್ಮನ ತಲೆಗೆ ಬಿತ್ತು. ಕೆಂದ ಹಸು ತುಂಬು ಗಬ್ಬವಾಗಿ ನಿಂತಿತ್ತು. ಇವತ್ತೋ ನಾಳೆಯೋ ಈಯಬಹುದು, ಊರು ಸುತ್ತೋದು ಬಿಟ್ಟು ಮನೇಲಿರು ಎಂದು ಅವಳು ಹೇಳಿದಾಗಲೆಲ್ಲ ಅವನು, "ಡಾಕ್ಟ್ರಿಗೆ ಫೋನ್ ಮಾಡು, ನಂಗೆ ಚೀಲ ಬರೋ ಟೈಮಾಯ್ತು" ಎಂದು ಮೊಪೆಡ್ಡು ಒದೆಯುತ್ತಿದ್ದ.

ಹೀಗಿರುವಾಗ ಒಂದು ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅಂಚೆ ಇನ್‌ಸ್ಪೆಕ್ಟರು ತನಿಖೆಗೆ ಬಂದರು. ಜೀಪಿನಿಂದ ಇಳಿದ ಅವರು ಬಾಗಿಲಲ್ಲೇ ನಿಂತುಬಿಟ್ಟರು. ಸೂರು ಸೋರುತ್ತಿರಲಿಲ್ಲ. ಅಂಟು ಹಸಿಯಾಗಿತ್ತು. ಹಿಂದಿನ ದಿನದ ಒಂದು ಕಾಗದವೂ ಉಳಿದಿರಲಿಲ್ಲ. ಅವರ ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಇಂಥದ್ದನ್ನು ನೋಡಿರಲಿಲ್ಲವಾದ್ದರಿಂದ ಅವರಿಗೆ ಅನುಮಾನ ಬಂತು. ಬೆಂಚಿನ ಮೇಲೆ ಟವಲು ಹಾಕಿಕೊಂಡು ಕೂತವನನ್ನು ನೋಡಿ, "ಇವರು ಯಾರು?" ಎಂದು ಶಶಿರೇಖಳನ್ನು ಕೇಳಿದರು.

ಶಶಿರೇಖ ಬಾಯಿ ತೆರೆಯುವ ಮೊದಲೇ ಕೋದಂಡಪ್ಪ ಎದ್ದು ಕೈ ಮುಗಿದ. "ನಾನು ಸ್ಟಾಂಪು ಸಾರ್."

"ಏನು?"

ಮುನಿನಾರಾಯಣಪ್ಪ ಒಂದು ಲಕೋಟೆ ತೆಗೆದು ಕೊಟ್ಟ. ಇನ್‌ಸ್ಪೆಕ್ಟರು ಲಕೋಟೆಯನ್ನು ನೋಡಿದರು, ಮನುಷ್ಯನನ್ನು ನೋಡಿದರು. ಮತ್ತೆ ಲಕೋಟೆ, ಮತ್ತೆ ಮನುಷ್ಯ. ಮುದ್ರೆ ಟವಲಿನ ಮೇಲೆ ಕಸೂತಿ ಹಾಕಿದ ಹಾಗೆ ಅಚ್ಚುಕಟ್ಟಾಗಿ ಬಿದ್ದಿರುವುದನ್ನೂ ನೋಡಿದರು. ಕೊನೆಗೆ ಕುರ್ಚಿಯಲ್ಲಿ ಕೂತು, "ನೋಡಿ, ಹೊರಗಿನವರು ಆಫೀಸಿನ ಒಳಗೆ ಕೂರೋ ಹಾಗಿಲ್ಲ" ಎಂದರು.

"ಸ್ಟಾಂಪು ಒಳಗೇ ಅಲ್ವಾ ಸಾರ್ ಇರೋದು?" ಎಂದ ಮುನಿನಾರಾಯಣಪ್ಪ. ತಮಾಷೆಗಲ್ಲ, ಅವನಿಗೆ ನಿಜವಾಗಿಯೂ ಅನುಮಾನವಿತ್ತು.

ಕಿಟಕಿಯ ಆಚೆ ಜನ ಸೇರಿದರು. ಕೋದಂಡಪ್ಪನನ್ನು ಕಳಿಸಿಬಿಡುತ್ತಾರೆ ಎಂಬ ಸುದ್ದಿ ರೇಷನ್ ಸಾಲಿಗೆ ತಲುಪಿ, ಸಾಲು ಹಾಗೆಯೇ ಇಲ್ಲಿಗೆ ಬಂದಿತ್ತು. ಮುನಿನಾರಾಯಣಮ್ಮ ಕಂಬಿಯ ನಡುವೆ ಮುಖ ತೂರಿಸಿ ಕೇಳಿದಳು, "ಇವ್ನ್ನ ಕಳ್ಸಿದ್ರೆ ನಾವು ಯಾರ್ನ ಕೇಳೋದು ಸಾಮಿ?"

"ಏನೇ ದೂರಿದ್ರೂ ಆನ್‌ಲೈನ್‌ನಲ್ಲಿ ಕೊಡಬಹುದಮ್ಮ."

"ಆನ್‌ಲೈನ್ ಮನೆ ಯಾವೂರ್ನಲ್ಲಿ?"

ಇನ್‌ಸ್ಪೆಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಅಷ್ಟರಲ್ಲಿ ಮುನಿನಾರಾಯಣಪ್ಪ ಅಂಚೆ ಡಬ್ಬಿಯ ಕಾಗದಗಳನ್ನು ವಿಂಗಡಿಸುತ್ತಾ ಒಂದು ಲಕೋಟೆಯನ್ನು ಕಣ್ಣಿನ ಹತ್ತಿರ ಹಿಡಿದು, "ಅಣ್ಣ, ಇದು ನಿಂಗೇ ಬಂದೈತೆ" ಎಂದ. ಮೇಲೆ 'ಸ್ಟಾಂಪು ಕೋದಂಡಪ್ಪನವರಿಗೆ' ಎಂದು ಬರೆದಿತ್ತು. ಅಂಟಿಸಿದ್ದ ಸ್ಟಾಂಪೂ ಕೋದಂಡಪ್ಪನೇ. ಕೋದಂಡಪ್ಪನ ಬಳಿ ಕನ್ನಡಕ ಇರಲಿಲ್ಲ. ಇಲಾಖೆಯವರ ಎದುರು ತನಗೆ ಕಾಗದ ಬಂದದ್ದು ಅವನಿಗೆ ಹೆಮ್ಮೆಯೇ ಆಗಿ, "ಜೋರಾಗೇ ಓದಿ ಮೇಡಂ, ಸಾಹೇಬ್ರೂ ಕೇಳ್ಲಿ" ಎಂದು ಶಶಿರೇಖಳ ಕೈಗೆ ಕೊಟ್ಟ.

ಶಶಿರೇಖ ಓದಿದಳು.

"ಮಾನ್ಯರೇ, ಎರ್ರಗುಟ್ಟಹಳ್ಳಿ ಕದಿರಮ್ಮ ಮಾಡಿಕೊಳ್ಳುವ ದೂರು. ನಮ್ಮ ತಂದೆಯವರು ನಾಲ್ಕು ಜನರ ಮುಂದೆ ನನ್ನ ಹೆಸರಿಗೆ ಒಬ್ಬ ಗಂಡನನ್ನು ಬರೆಸಿಕೊಟ್ಟಿದ್ದರು. ಸದರಿ ಗಂಡ ದಿನಾ ಬೆಳಿಗ್ಗೆ ಮನೆಯಿಂದ ಹೊರಟವನು ಸರಿಯಾಗಿ ವಾಪಸು ತಲುಪುತ್ತಿಲ್ಲ. ತಲುಪಿದರೂ ಕವರು ಮಾತ್ರ ಬರುತ್ತದೆ, ಒಳಗಿನ ಸಾಮಾನು ಪೋಸ್ಟಾಫೀಸಿನಲ್ಲೇ ಉಳಿಯುತ್ತದೆ. ಬಾಯಲ್ಲಿ ಹೇಳಿದೆ, ಕೇಳಲಿಲ್ಲ. ಊರಿನವರ ದೂರನ್ನೆಲ್ಲ ಕೇಳುತ್ತೀರೆಂದು ಗೊತ್ತಾಗಿ ನಾನೂ ಸ್ಟಾಂಪು ಹಚ್ಚಿ ಕಳಿಸುತ್ತಿದ್ದೇನೆ. ಕೆಂದ ಹಸು ನಿನ್ನೆಯಿಂದ ಮೇವು ಮುಟ್ಟಿಲ್ಲ. ಬೇಗ ವಿಚಾರಿಸಬೇಕಾಗಿ ವಿನಂತಿ."

ಅಕ್ಷರ ಸೊಸೆ ರೂಪಳದು, ಮಾತು ಕದಿರಮ್ಮನದು. ಕಿಟಕಿಯ ಆಚೆ ಮೊದಲು ಒಬ್ಬರು ನಕ್ಕರು, ಆಮೇಲೆ ಯಾರೂ ನಗಲಿಲ್ಲ. ಕೋದಂಡಪ್ಪ ಟವಲಿನ ಅಂಚನ್ನು ತಿರುವುತ್ತಾ ನಿಂತಿದ್ದ. ಅವನ ಮುಖದಲ್ಲಿ ಎಷ್ಟು ಮುದ್ರೆ ಬಿದ್ದಿದ್ದರೂ ಇಷ್ಟು ಕಪ್ಪಾಗಿರಲಿಲ್ಲ.

ಇನ್‌ಸ್ಪೆಕ್ಟರು ಗಂಭೀರವಾಗಿ ಹೇಳಿದರು, "ದೂರು ಬಂದ ಮೇಲೆ ವಿಚಾರಿಸಲೇಬೇಕು ಕೋದಂಡಪ್ಪನವರೇ. ನಿಮ್ಮ ಹತ್ತಿರ ಎಷ್ಟು ದಿನ ಇಟ್ಟುಕೊಳ್ತೀರಿ ದೂರು?"

"ಇಟ್ಕೊಳ್ಳಲ್ಲ ಸಾರ್. ಅವತ್ತಿಂದು ಅವತ್ತೇ."

"ಮತ್ತೆ?"

ಕೋದಂಡಪ್ಪ ಮೊಪೆಡ್ಡನ್ನೂ ಮರೆತು ನಡೆದೇ ಹೊರಟ. ಅರ್ಧ ದಾರಿಯಿಂದ ಓಡಿದ.

ಕೆಂದ ಹಸು ಕೊಟ್ಟಿಗೆಯಲ್ಲಿ ಮಲಗಿ ತಿಣುಕುತ್ತಿತ್ತು. ಕರುವಿನ ಒಂದು ಕಾಲು ಹೊರಗೆ ಬಂದು ಇನ್ನೊಂದು ಒಳಗೇ ಮಡಚಿ ಸಿಕ್ಕಿಕೊಂಡಿತ್ತು. ಡಾಕ್ಟರು ಬೇತಮಂಗಲದ ಕಡೆ ಇನ್ನೊಂದು ಹಸುವಿನ ಹತ್ತಿರ ಇದ್ದರು. ಕದಿರಮ್ಮ ಹಸುವಿನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಗಂಡನನ್ನು ನೋಡಿ ಬೈಯಲಿಲ್ಲ. "ಕೈ ತೊಳ್ಕೊಂಡು ಬಾ" ಎಂದಷ್ಟೇ ಅಂದಳು.

ಅವನು ತೋಳಿಗೆ ಎಣ್ಣೆ ಸವರಿಕೊಂಡು ಕೈ ಹಾಕಿ, ಮಡಚಿದ ಕಾಲನ್ನು ಹುಡುಕಿ, ಹಸು ತಿಣುಕದೆ ಸುಮ್ಮನಾದಾಗ ಸ್ವಲ್ಪ ಸ್ವಲ್ಪವೇ ನೆಟ್ಟಗೆ ಮಾಡಿದ. ಎಷ್ಟು ಹೊತ್ತಾಯಿತೋ ಇಬ್ಬರಿಗೂ ತಿಳಿಯಲಿಲ್ಲ. ಕರು ಜಾರಿ ಅವನ ಮಡಿಲಿಗೇ ಬಿತ್ತು. ಹೆಣ್ಣುಗರು. ಅವನು ಟವಲಿನಿಂದ ಅದರ ಮೂಗು ಬಾಯಿ ಒರೆಸಿದ. ಕರು ಸೀನಿತು. ಕದಿರಮ್ಮ ಆಗ ಮಾತ್ರ ಒಂದು ಸಲ ಅತ್ತುಬಿಟ್ಟಳು.

"ಕಾಗ್ದ ಬಂತಾ?" ಎಂದು ಮೂಗು ಒರೆಸಿಕೊಂಡು ಕೇಳಿದಳು.

"ಬಂತು. ಎಲ್ಲರ್ ಮುಂದೆ ಓದುಸ್ಬುಟ್ಟೆ."

"ಓದ್ಲಿ ಅಂತ್ಲೇ ಬರ್ಸಿದ್ದು."

ಅಲ್ಲಿಂದ ಮುಂದೆ ಕೋದಂಡಪ್ಪ ಪೋಸ್ಟಾಫೀಸಿಗೆ ಹೋಗಲಿಲ್ಲ. ಇದ್ದ ಸ್ಟಾಂಪೂ ಮುಗಿದಿತ್ತು, ಇನ್ನಷ್ಟು ಮಾಡಿಸಬೇಡವೆಂದು ಸೊಸೆಗೆ ಅವನೇ ಹೇಳಿದ. ಆದರೆ ದೂರು ತರುವ ಜನ ಎಲ್ಲಿ ಬಿಟ್ಟಾರು? ಮಾರನೆಯ ದಿನವೇ ಗೇಟಿನ ಹತ್ತಿರ ಹಾಜರಾದರು. ಈ ಸಲ ಜಗಲಿಯ ಮೇಲೆ ಕದಿರಮ್ಮ ಕೂತಿದ್ದಳು. ದೂರು ಕೇಳುವುದಕ್ಕೆ ಅವಳದೇನೂ ಅಭ್ಯಂತರ ಇರಲಿಲ್ಲ. ಆದರೆ ಕೊಟ್ಟಿಗೆಯ ಸಗಣಿ ಬಾಚಿ ತಿಪ್ಪೆಗೆ ಹಾಕಿ ಬಂದವರ ದೂರು ಮಾತ್ರ ಕೇಳುವುದೆಂದು ಹೇಳಿದಳು. ಮೊದಲ ದಿನ ಕೊಟ್ಟಿಗೆ ಕನ್ನಡಿಯ ಹಾಗೆ ಆಯಿತು. ಎರಡನೆಯ ದಿನ ಮೂರೇ ಜನ ಬಂದರು. ಆಮೇಲೆ ಜನಕ್ಕೆ ಪೋಸ್ಟಾಫೀಸೇ ಹತ್ತಿರ ಅನ್ನಿಸತೊಡಗಿತು. ಶಶಿರೇಖಳ ಮುಖವನ್ನೇ ನೇರವಾಗಿ ನೋಡಿ ಕೇಳಿದರು, ಅವಳೂ ಅವರ ಮುಖ ನೋಡಿ ಉತ್ತರ ಕೊಟ್ಟಳು. ಸರ್ವರ್ ಇಲ್ಲದ ದಿನ ಇಲ್ಲವೆಂದಳು, ಇದ್ದ ದಿನ ಕರೆದು ಹೇಳಿದಳು.

ಸೆಲ್ವರಾಜ್ ಒಬ್ಬ ಮಾತ್ರ ವಾರಕ್ಕೊಮ್ಮೆ ತಪ್ಪದೆ ಬರುತ್ತಿದ್ದ. ಬರುವಾಗ ಕರುವಿಗೆಂದು ಬಾಳೆಹಣ್ಣು ತರುತ್ತಿದ್ದ. ಪ್ಯಾಂಟು ಮಡಚಿ, ಬುಟ್ಟಿ ತುಂಬ ಸಗಣಿ ಬಾಚಿ ಹಾಕಿ, ಕೈ ತೊಳೆದು, ಕೋದಂಡಪ್ಪನನ್ನು ಎದುರಿಗೆ ನಿಲ್ಲಿಸಿಕೊಂಡು ಗಡಿಯಾರದ ಬಗ್ಗೆ ತಮಿಳಿನಲ್ಲಿ ಮನಸಾರೆ ಬೈಯುತ್ತಿದ್ದ. ಕದಿರಮ್ಮ ಅಷ್ಟರಲ್ಲಿ ಒಳಗೆ ಟೀಗೆ ಇಡುತ್ತಿದ್ದಳು.